ಹಿತ್ತಾಳೆಯ ಮೇಲೆ ನಿಕಲ್ ತೆಳುಪದರ: ಕೂರಿಸುವ ಮತ್ತು ಮೇಲ್ಮೈ ಪರೀಕ್ಷಿಸುವ ಕ್ರಮ

ರಸಾಯನ ವಿಜ್ಞಾನ, ಭೌತವಿಜ್ಞಾನ, ಲೋಹಶಾಸ್ತ್ರ ಓದುವವರು ಪ್ರಾಜೆಕ್ಟ್‌ಗೆಂದು ಆರಿಸಿಕೊಳ್ಳುವ ವಿಷಯಗಳ ಪಟ್ಟಿಯಲ್ಲಿ ವಿದ್ಯುಲ್ಲೇಪನ ಪ್ರತಿ ವರ್ಷವೂ ಇರುತ್ತದೆ. ಖರ್ಚು ಕಡಿಮೆ ಎಂಬುದೇ ಮುಖ್ಯ ಕಾರಣ. ಒಂದು ಬೀಕರ್, ಒಂದು ಡಿ.ಸಿ. ಪವರ್ ಸಪ್ಲೈ, ಮೂರು ನಾಲ್ಕು ರಾಸಾಯನಿಕಗಳು ಇದ್ದರೆ ಲೋಹದ ಪದರ ಕೂತೇ ಕೂರುತ್ತದೆ. ತೊಡಕು ಶುರುವಾಗುವುದು ಅದರ ನಂತರ. ಪದರ ಕೂರಿಸಲು ಕೆಲವು ನಿಮಿಷ ಸಾಕು; ಆ ಮೇಲ್ಮೈ ಬಗ್ಗೆ ನೀವು ಬರೆಯುವ ಮಾತು ನಿಜವಾಗಿ ಪದರದ್ದೋ ಅಥವಾ ಅದರ ಅಡಿಯಲ್ಲಿರುವ ಲೋಹದ್ದೋ ಎಂದು ಖಚಿತಪಡಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಅಡಿಯಲ್ಲಿರುವುದು ಶುದ್ಧ ಲೋಹವಾಗಿರದೆ ಮಿಶ್ರಲೋಹವಾದರೆ ಗೊಂದಲ ಇಮ್ಮಡಿ. ಒಂದೇ ತಗಡಿನಲ್ಲಿ ಎರಡು ಬಗೆಯ ಹರಳುಗಳಿರಬಹುದು, ಆಮ್ಲದಲ್ಲಿ ಒಂದು ಲೋಹ ಕರಗಿ ಇನ್ನೊಂದು ಉಳಿಯಬಹುದು, ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಇರಬಹುದು. ಆದ್ದರಿಂದ ಈ ಲೇಖನದ ಉದ್ದಕ್ಕೂ ಒಂದು ಪದ್ಧತಿಯನ್ನು ಒತ್ತಿ ಹೇಳುತ್ತೇನೆ. ಲೇಪಿಸುವ ಪ್ರತಿ ತುಂಡಿಗೂ ಲೇಪಿಸದ ಒಂದು ಜೋಡಿ ತುಂಡನ್ನು ಇಟ್ಟುಕೊಳ್ಳಿ. ಅದೇ ತಗಡಿನಿಂದ ಕತ್ತರಿಸಿದ್ದು, ಅದೇ ರೀತಿ ಉಜ್ಜಿದ್ದು, ಅದೇ ಆಮ್ಲದಲ್ಲಿ ಅಷ್ಟೇ ಹೊತ್ತು ಅದ್ದಿದ್ದು. ಲೇಪನವೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಕಂಡದ್ದು. ಮುಂದೆ ಯಾವ ಉಪಕರಣದಲ್ಲಿ ಪದರವನ್ನು ನೋಡಿದರೂ ಈ ಜೋಡಿಯನ್ನೂ ಅದರಲ್ಲೇ ನೋಡಬೇಕು. ಉಪಕರಣದ ಶುಲ್ಕ ಹೆಚ್ಚಾಗುತ್ತದೆ ಎಂದು ಇದನ್ನು ಬಿಡುವವರೇ ಹೆಚ್ಚು. ಆ ಉಳಿತಾಯ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ದುಬಾರಿಯಾಗುತ್ತದೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಹಿತ್ತಾಳೆಯ ಮೇಲಿನ ನಿಕಲ್. ನಲ್ಲಿ, ಬೀಗ, ಬಟನ್, ವಿದ್ಯುತ್ ಸಾಧನಗಳ ತುದಿಗಳು ಎಲ್ಲದರಲ್ಲೂ ಇರುವ ಜೋಡಿ ಇದು. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಪ್ಲೇಟಿಂಗ್ ಅಂಗಡಿಗಳಲ್ಲಿ ಇದು ದಿನನಿತ್ಯದ ಕೆಲಸ.

ತಗಡನ್ನು ಆರಿಸುವುದು

ಹಿತ್ತಾಳೆ ಎಂದರೆ ಒಂದೇ ಲೋಹವಲ್ಲ. ತಾಮ್ರ 70, ಸತು 30 ಇರುವ ಹಿತ್ತಾಳೆಯಲ್ಲಿ ಒಂದೇ ಬಗೆಯ ಹರಳುರಚನೆ ಇರುತ್ತದೆ. ಅದನ್ನು ಆಲ್ಫಾ ಹಿತ್ತಾಳೆ ಎನ್ನುತ್ತಾರೆ. 60-40ರ ಹಿತ್ತಾಳೆಯಲ್ಲಿ ಆಲ್ಫಾ ಜೊತೆಗೆ ಸತು ಹೆಚ್ಚಿರುವ ಬೀಟಾ ಎಂಬ ಇನ್ನೊಂದು ಬಗೆಯ ಹರಳುರಚನೆಯೂ ಬೆರೆತಿರುತ್ತದೆ. ಮೊದಲ ಬಾರಿಗೆ ಮಾಡುವವರು 70-30ರ ತಗಡನ್ನೇ ತೆಗೆದುಕೊಳ್ಳಿ. ಲೇತ್ ಕೆಲಸಕ್ಕೆಂದು ಮಾರುವ ಹಿತ್ತಾಳೆ ಸರಳಿನ ತುಂಡು ಬೇಡ. ಕತ್ತರಿಸಲು ಸುಲಭವಾಗಲಿ ಎಂದು ಅದಕ್ಕೆ ಸಾಮಾನ್ಯವಾಗಿ ಶೇ. 2ರಿಂದ 3ರಷ್ಟು ಸೀಸ ಸೇರಿಸಿರುತ್ತಾರೆ. ಸೀಸ ಹಿತ್ತಾಳೆಯಲ್ಲಿ ಕರಗದೆ ಸಣ್ಣ ಸಣ್ಣ ಗುಳಿಗೆಗಳಾಗಿ ಉಳಿಯುತ್ತದೆ, ಉಜ್ಜಿದಾಗ ಮೇಲ್ಮೈಗೆಲ್ಲ ಸವರಿಕೊಳ್ಳುತ್ತದೆ, ಗಂಧಕಾಮ್ಲದಲ್ಲಿ ಅದ್ದಿದರೆ ಕರಗದ ಸೀಸದ ಸಲ್ಫೇಟ್ ಆಗಿ ಅಲ್ಲೇ ಕೂರುತ್ತದೆ. ಅಂತಹ ಜಾಗದಲ್ಲಿ ನಿಕಲ್ ಹಿಡಿಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವ ಆ ಗುಂಡಿಗಳನ್ನು ‘ಜಲಜನಕದ ಗುಳ್ಳೆಗಳ ಗುರುತು’ ಎಂದು ಬರೆದುಬಿಡುವುದು ಸುಲಭ. ಜೋಡಿ ತುಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹಿಂಚದುರಿಕೆ ಚಿತ್ರದಲ್ಲಿ (ಹಿಂದಕ್ಕೆ ಚಿಮ್ಮುವ ಎಲೆಕ್ಟ್ರಾನ್‌ಗಳಿಂದ ತೆಗೆಯುವ ಚಿತ್ರ) ನೋಡಿದರೆ ಸೀಸ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ವಿವಾದ ಅಲ್ಲಿಗೆ ಮುಗಿಯುತ್ತದೆ.

ತುಂಡಿನ ಅಳತೆಯನ್ನೂ ಲೆಕ್ಕ ಹಾಕಿ ಆರಿಸಬೇಕು. ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಮೈಕ್ರೋಮೀಟರ್ ದಪ್ಪದ ನಿಕಲ್ ಕೂತರೆ ಅದರ ತೂಕ 0.89 ಮಿಲಿಗ್ರಾಂ ಮಾತ್ರ. ಕಾಲೇಜಿನ ತಕ್ಕಡಿ 0.1 ಮಿಲಿಗ್ರಾಂವರೆಗೆ ಅಳೆಯುವಂಥದ್ದಾದರೆ ದಪ್ಪದಲ್ಲಿ ಶೇ. 10ಕ್ಕಿಂತ ಹೆಚ್ಚಿನ ಅನಿಶ್ಚಿತತೆ ಅಲ್ಲೇ ಬಂತು. 2 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಮುಖ ಇಟ್ಟುಕೊಂಡರೆ ತೂಕ 3.6 ಮಿಲಿಗ್ರಾಂ ಆಗುತ್ತದೆ, ನಂಬಬಹುದಾದ ಅಳತೆ ಸಿಗುತ್ತದೆ. ಉಜ್ಜಿ, ಅಸಿಟೋನ್‌ನಲ್ಲಿ ತೊಳೆದ ಮೇಲೆ ಹಿಂಬದಿ ಮತ್ತು ಅಂಚುಗಳಿಗೆ ಉಗುರುಬಣ್ಣ ಹಚ್ಚಿ ಒಣಗಿಸಿ. ತೂಗುವುದು ಬಣ್ಣ ಹಚ್ಚುವ ಮೊದಲೊಮ್ಮೆ, ಲೇಪನದ ನಂತರ ಬಣ್ಣವನ್ನು ಅಸಿಟೋನ್‌ನಲ್ಲಿ ತೊಳೆದ ಮೇಲೆ ಮತ್ತೊಮ್ಮೆ.

ಉಜ್ಜುವುದು, ತೊಳೆಯುವುದು

ಇಡೀ ಕೆಲಸದ ಹಣೆಬರಹ ಬರೆಯುವುದು ಇಲ್ಲಿ. 400, 600, 800, 1200 ಸಂಖ್ಯೆಯ ಉಜ್ಜುಕಾಗದಗಳನ್ನು ಕ್ರಮವಾಗಿ ಬಳಸಿ, ನೀರು ಹಾಕಿಕೊಂಡು ಉಜ್ಜಿ. ಕಾಗದ ಬದಲಿಸಿದಾಗಲೆಲ್ಲ ತುಂಡನ್ನು 90 ಡಿಗ್ರಿ ತಿರುಗಿಸಿ. ಹಿಂದಿನ ಗೀರುಗಳು ಪೂರ್ತಿ ಮಾಯವಾದ ಮೇಲೆಯೇ ಮುಂದಿನ ಕಾಗದಕ್ಕೆ ಹೋಗಿ. ಕೊನೆಗೆ ಬಟ್ಟೆಯ ಮೇಲೆ 1 ಮೈಕ್ರೋಮೀಟರ್, 0.3 ಮೈಕ್ರೋಮೀಟರ್, 0.05 ಮೈಕ್ರೋಮೀಟರ್ ಅಲ್ಯೂಮಿನಾ ಪುಡಿಯ ಲೇಹದಿಂದ ಹೊಳಪು ಕೊಡಿ. ಅಲ್ಯೂಮಿನಾ ಕಣಗಳು ಮೆತ್ತನೆಯ ಹಿತ್ತಾಳೆಯಲ್ಲಿ ನಾಟಿಕೊಳ್ಳುತ್ತವೆ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ನೀರಿನಲ್ಲಿಟ್ಟು ತೊಳೆಯದಿದ್ದರೆ ಮುಂದೆ ಧಾತು ವಿಶ್ಲೇಷಣೆಯಲ್ಲಿ ಅಲ್ಯೂಮಿನಿಯಂ ಕಾಣಿಸಿಕೊಂಡು ತಲೆ ತಿನ್ನುತ್ತದೆ.

ಕನ್ನಡಿಯಂತೆ ಹೊಳೆಯುವ ಮೇಲ್ಮೈ ಒಳ್ಳೆಯ ಮೇಲ್ಮೈಯೇ ಆಗಬೇಕಿಲ್ಲ. ಕೈಯಿಂದ ಅಥವಾ ಯಂತ್ರದಿಂದ ಉಜ್ಜಿದಾಗ ಲೋಹದ ಮೇಲಿನ ತೆಳು ಭಾಗ ನಜ್ಜುಗುಜ್ಜಾಗುತ್ತದೆ. ಅಲ್ಲಿನ ಹರಳುಗಳ ಕ್ರಮ ಕೆಡುತ್ತದೆ. ನಿಕಲ್ ಮತ್ತು ಆಲ್ಫಾ ಹಿತ್ತಾಳೆ ಎರಡರ ಹರಳುರಚನೆಯೂ ಮುಖಕೇಂದ್ರಿತ ಘನ. ನಿಕಲ್‌ನ ಘಟಕ ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಘನದ) ಅಂಚು 3.52 ಆಂಗ್‌ಸ್ಟ್ರಾಮ್, 70-30 ಹಿತ್ತಾಳೆಯದು ಸುಮಾರು 3.68. ವ್ಯತ್ಯಾಸ ಶೇ. 4ರ ಆಸುಪಾಸು. ಅಡಿಯ ಹರಳುಗಳು ಅಚ್ಚುಕಟ್ಟಾಗಿದ್ದರೆ ಮೊದಮೊದಲು ಕೂರುವ ನಿಕಲ್ ಅವುಗಳ ದಿಕ್ಕನ್ನೇ ಅನುಸರಿಸಿ ಬೆಳೆಯಲು ನೋಡುತ್ತದೆ. ದಪ್ಪ ಹೆಚ್ಚಿದಂತೆ ಆ ಪ್ರಭಾವ ಕಳೆದು, ದ್ರಾವಣ ಮತ್ತು ವಿದ್ಯುತ್ ಪ್ರವಾಹ ಹೇಳಿದಂತೆ ಬೆಳೆಯತೊಡಗುತ್ತದೆ. ಮೇಲ್ಭಾಗ ನಜ್ಜಾಗಿದ್ದರೆ ಈ ಅನುಕರಣೆ ಸಾಧ್ಯವಾಗದೆ ಮೊದಲಿನಿಂದಲೇ ಸಣ್ಣ ಸಣ್ಣ ಹರಳುಗಳು ಹುಟ್ಟುತ್ತವೆ. ಹೀಗಾಗಿ ಒಂದೇ ದ್ರಾವಣ, ಒಂದೇ ಪ್ರವಾಹ, ಒಂದೇ ಸಮಯ ಇಟ್ಟುಕೊಂಡರೂ ಇಬ್ಬರು ವಿದ್ಯಾರ್ಥಿಗಳ ಚಿತ್ರಗಳು ಬೇರೆ ಬೇರೆಯಾಗಿ ಬರುತ್ತವೆ. ಪದರದ ಆರಂಭದ ಬೆಳವಣಿಗೆಯೇ ನಿಮ್ಮ ವಿಷಯವಾದರೆ ಯಾಂತ್ರಿಕ ಹೊಳಪಿನ ನಂತರ ರಂಜಕಾಮ್ಲದಲ್ಲಿ ತುಂಡನ್ನು ಆನೋಡ್ (ಧನ ಧ್ರುವ) ಮಾಡಿ ವಿದ್ಯುತ್ ಹೊಳಪು ಕೊಡಿ. ಅದಕ್ಕೆ ಎಷ್ಟು ವೋಲ್ಟ್ ಎಂದು ಎಲ್ಲೋ ಓದಿದ್ದನ್ನು ನಂಬುವ ಬದಲು, ವೋಲ್ಟೇಜ್ ಅನ್ನು ನಿಧಾನವಾಗಿ ಏರಿಸುತ್ತ ಪ್ರವಾಹ ಬರೆದುಕೊಳ್ಳಿ. ವೋಲ್ಟೇಜ್ ಏರಿದರೂ ಪ್ರವಾಹ ಏರದೆ ನಿಲ್ಲುವ ಸಮತಟ್ಟು ಭಾಗ ಸಿಗುತ್ತದೆ, ಅಲ್ಲೇ ಕೆಲಸ ಮಾಡಿ.

ತೊಳೆಯುವ ಕ್ರಮ: ಮೊದಲು ಅಸಿಟೋನ್, ನಂತರ ಸೋಡಿಯಂ ಕಾರ್ಬೋನೇಟ್ ಮತ್ತು ಟ್ರೈಸೋಡಿಯಂ ಫಾಸ್ಫೇಟ್ ಬೆರೆಸಿದ ಬಿಸಿ ಕ್ಷಾರ ದ್ರಾವಣ, ನಂತರ ಭಟ್ಟಿ ಇಳಿಸಿದ ನೀರು. ಜಿಡ್ಡು ಹೋಗಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ತುಂಡನ್ನು ನೀರಿನಿಂದ ಎತ್ತಿ ಓರೆಯಾಗಿ ಹಿಡಿಯಿರಿ. ನೀರಿನ ಪೊರೆ ಅರ್ಧ ನಿಮಿಷ ಎಲ್ಲೂ ಒಡೆಯದೆ ನಿಂತರೆ ಶುದ್ಧವಾಗಿದೆ. ಹನಿಹನಿಯಾಗಿ ಒಡೆದರೆ ಮತ್ತೆ ಕ್ಷಾರಕ್ಕೆ. ಆಮೇಲೆ ಶೇ. 5ರಿಂದ 10ರ ಗಂಧಕಾಮ್ಲದಲ್ಲಿ ಹತ್ತಾರು ಸೆಕೆಂಡು ಅದ್ದಿ ಆಕ್ಸೈಡ್ ತೆಗೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಸತು ಕರಗಿ ಮೇಲ್ಮೈಯಲ್ಲಿ ತಾಮ್ರವೇ ಹೆಚ್ಚಾಗಿ, ಹಿತ್ತಾಳೆ ಕೆಂಪಗಾಗುತ್ತದೆ. ಜೋಡಿ ತುಂಡನ್ನು ಆಮ್ಲಕ್ಕೆ ಮುಂಚೆ ಮತ್ತು ನಂತರ ತೂಗಿದರೆ ಎಷ್ಟು ಲೋಹ ಕಳೆದುಹೋಯಿತು ಎಂಬ ಲೆಕ್ಕ ಸಿಗುತ್ತದೆ. ಅದನ್ನು ಸೇರಿಸದೆ ಪದರದ ತೂಕ ಲೆಕ್ಕ ಹಾಕಿದರೆ ದಪ್ಪ ಕಡಿಮೆ ಬರುತ್ತದೆ, ಪಾಪ, ಬೈಗುಳ ಮಾತ್ರ ದ್ರಾವಣಕ್ಕೆ.

ದ್ರಾವಣ

ನಿಕಲ್‌ಗೆ ಇಂದಿಗೂ ಅಡಿಪಾಯ 1916ರಲ್ಲಿ ಆಲಿವರ್ ವಾಟ್ಸ್ ಪ್ರಕಟಿಸಿದ ದ್ರಾವಣವೇ. ಒಂದು ಲೀಟರ್‌ಗೆ ನಿಕಲ್ ಸಲ್ಫೇಟ್ 240ರಿಂದ 300 ಗ್ರಾಂ, ನಿಕಲ್ ಕ್ಲೋರೈಡ್ 30ರಿಂದ 60 ಗ್ರಾಂ, ಬೋರಿಕ್ ಆಮ್ಲ 30ರಿಂದ 45 ಗ್ರಾಂ. ಪಿಎಚ್ 4ರ ಹತ್ತಿರ, ಉಷ್ಣಾಂಶ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸಲ್ಫೇಟ್ ನಿಕಲ್ ಅಯಾನುಗಳನ್ನು ಒದಗಿಸುತ್ತದೆ. ಕ್ಲೋರೈಡ್ ಇಲ್ಲದಿದ್ದರೆ ನಿಕಲ್ ಆನೋಡ್ ಕರಗುವುದನ್ನೇ ನಿಲ್ಲಿಸಿಬಿಡುತ್ತದೆ. ಕ್ಯಾಥೋಡ್ (ಋಣ ಧ್ರುವ), ಅಂದರೆ ಲೇಪಿಸುವ ತುಂಡಿನ ಪಕ್ಕದಲ್ಲಿ ಜಲಜನಕ ಬಿಡುಗಡೆಯಾಗಿ ಪಿಎಚ್ ಏರದಂತೆ ತಡೆಯುವುದು ಬೋರಿಕ್ ಆಮ್ಲ. ದ್ರಾವಣ ತಣ್ಣಗಾದಾಗ ತಳದಲ್ಲಿ ಬಿಳಿ ಹರಳು ಕಂಡರೆ ಅದು ಬೋರಿಕ್ ಆಮ್ಲ. ಸೋಸಿ ಎಸೆಯಬೇಡಿ, ಬಿಸಿ ಮಾಡಿ ಕರಗಿಸಿ.

ಗುಳ್ಳೆಗಳು ಮೇಲ್ಮೈಗೆ ಅಂಟಿಕೊಳ್ಳದಿರಲಿ ಎಂದು ಸ್ವಲ್ಪ ಸೋಡಿಯಂ ಲಾರಿಲ್ ಸಲ್ಫೇಟ್ ಹಾಕುವುದುಂಟು. ಹೊಳಪಿಗೆ, ಪದರದ ಒಳಒತ್ತಡ ತಗ್ಗಿಸುವುದಕ್ಕೆ ಸ್ಯಾಕರಿನ್ ಹಾಕುತ್ತಾರೆ. ಸ್ಯಾಕರಿನ್ ಹಾಕಿದರೆ ಹರಳುಕಣಗಳು ಸಣ್ಣದಾಗುತ್ತವೆ, ಪದರದೊಳಗೆ ಗಂಧಕವೂ ಸೇರುತ್ತದೆ. ಮೊದಲ ಸುತ್ತಿನಲ್ಲಿ ಯಾವ ಸೇರ್ಪಡೆಯೂ ಬೇಡ ಎಂಬುದು ನನ್ನ ಅಭಿಪ್ರಾಯ. ಬರಿಯ ವಾಟ್ಸ್ ದ್ರಾವಣ ಏನು ಕೊಡುತ್ತದೆ ಎಂದು ತಿಳಿಯದೆ ಮೂರು ಸೇರ್ಪಡೆ ಬೆರೆಸಿದರೆ ಯಾವುದು ಏನು ಮಾಡಿತು ಎಂದು ಹೇಳಲು ಬರುವುದಿಲ್ಲ.

ನಿಕಲ್ ಲವಣ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಜೀವನಪೂರ್ತಿ ಉಳಿಯಬಹುದು. ಅದರ ಪುಡಿ ಅಥವಾ ಆವಿಹನಿ ಉಸಿರಿಗೆ ಹೋಗುವುದು ಕ್ಯಾನ್ಸರ್ ಕಾರಕ. ತೂಗುವಾಗ ಮುಖಗವಸು, ಕೈಗವಸು, ಲೇಪಿಸುವಾಗ ಹೊಗೆ ಎಳೆಯುವ ಹುಡ್ ಇರಲೇಬೇಕು. ಪಿಎಚ್ ಸರಿಮಾಡುವಾಗ ಹನಿಹನಿಯಾಗಿ ದುರ್ಬಲ ಗಂಧಕಾಮ್ಲ ಅಥವಾ ನಿಕಲ್ ಕಾರ್ಬೋನೇಟ್ ಬಳಸಿ.

ದ್ರಾವಣ ಸರಿಯಿದೆಯೇ ಎಂದು ನೋಡಲು ಹಲ್ ಸೆಲ್ ಇದೆ. ಒಂದು ಗೋಡೆ ಓರೆಯಾಗಿರುವ ಚಿಕ್ಕ ತೊಟ್ಟಿ ಇದು. ಅಮೆರಿಕದ ರಿಚರ್ಡ್ ಹಲ್ ಅವರಿಗೆ 1939ರಲ್ಲಿ ಪೇಟೆಂಟ್ ಸಿಕ್ಕಿತು. ಓರೆಯಾಗಿ ನಿಲ್ಲಿಸಿದ ಹಿತ್ತಾಳೆ ಹಲಗೆಯ ಒಂದು ತುದಿ ಆನೋಡ್‌ಗೆ ಹತ್ತಿರ, ಇನ್ನೊಂದು ದೂರ. ಒಂದೇ ಸಲ ಲೇಪಿಸಿದರೆ ಹೆಚ್ಚು ಪ್ರವಾಹದಲ್ಲೂ ಕಡಿಮೆ ಪ್ರವಾಹದಲ್ಲೂ ಪದರ ಹೇಗೆ ಕಾಣುತ್ತದೆ ಎಂದು ಒಂದೇ ಹಲಗೆಯಲ್ಲಿ ಗೊತ್ತಾಗುತ್ತದೆ. ತೊಟ್ಟಿಯಲ್ಲಿ ಹಿಡಿಸುವ ದ್ರಾವಣ 267 ಮಿಲಿಲೀಟರ್. ಈ ವಿಚಿತ್ರ ಸಂಖ್ಯೆಗೆ ಕಾರಣವಿದೆ: ಇಷ್ಟರಲ್ಲಿ 2 ಗ್ರಾಂ ಹಾಕಿದರೆ ಅಮೆರಿಕದ ಒಂದು ಗ್ಯಾಲನ್‌ಗೆ ಒಂದು ಔನ್ಸ್ ಹಾಕಿದ್ದಕ್ಕೆ ಸಮ. ಹಲಗೆಯ ಕಡಿಮೆ ಪ್ರವಾಹದ ತುದಿ ಕಪ್ಪಗಾದರೆ ದ್ರಾವಣಕ್ಕೆ ತಾಮ್ರ ಅಥವಾ ಸತು ಸೇರಿದೆ ಎಂದು ಅನುಮಾನಿಸಿ. ಹಿತ್ತಾಳೆಯ ಮೇಲೆ ಲೇಪಿಸುವವರಿಗೆ ಇದು ಸಾಮಾನ್ಯ ಪೀಡೆ, ಏಕೆಂದರೆ ಪ್ರವಾಹವಿಲ್ಲದೆ ದ್ರಾವಣದಲ್ಲಿ ನಿಂತ ಪ್ರತಿ ತುಂಡೂ ತನ್ನ ಲೋಹವನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಸುಕ್ಕುಗಟ್ಟಿದ ಒಂದು ಹಾಳು ತಗಡನ್ನು ಕ್ಯಾಥೋಡ್ ಮಾಡಿ, ಪ್ರತಿ ಚದರ ಡೆಸಿಮೀಟರ್‌ಗೆ 0.2ರಿಂದ 0.5 ಆಂಪಿಯರ್‌ನಷ್ಟು ಕಡಿಮೆ ಪ್ರವಾಹದಲ್ಲಿ ಗಂಟೆಗಟ್ಟಲೆ ಓಡಿಸಿದರೆ ತಾಮ್ರ ಅದರ ಮೇಲೆ ಕೂತು ದ್ರಾವಣ ತಿಳಿಯಾಗುತ್ತದೆ.

ಲೇಪನ

ನಿಕಲ್ ಆನೋಡ್ ಅನ್ನು ಬಟ್ಟೆಯ ಚೀಲದಲ್ಲಿಟ್ಟು ತೂಗುಹಾಕಿ. ಅದರಿಂದ ಉದುರುವ ಪುಡಿ ಪದರಕ್ಕೆ ಅಂಟಿದರೆ ಗಂಟುಗಂಟಾಗುತ್ತದೆ. ಆನೋಡ್ ಮತ್ತು ತುಂಡು ಸಮಾನಾಂತರವಾಗಿರಲಿ. ಪ್ರತಿ ಚದರ ಡೆಸಿಮೀಟರ್‌ಗೆ 2 ಆಂಪಿಯರ್, ಅಂದರೆ ಪ್ರತಿ ಚದರ ಸೆಂಟಿಮೀಟರ್‌ಗೆ 20 ಮಿಲಿಆಂಪಿಯರ್ ಇಟ್ಟುಕೊಳ್ಳೋಣ. ನಮ್ಮ 4 ಚದರ ಸೆಂಟಿಮೀಟರ್ ಮುಖಕ್ಕೆ 80 ಮಿಲಿಆಂಪಿಯರ್. ಪವರ್ ಸಪ್ಲೈ ಸ್ಥಿರ ಪ್ರವಾಹದಲ್ಲಿರಬೇಕು, ಸ್ಥಿರ ವೋಲ್ಟೇಜ್‌ನಲ್ಲಿ ಅಲ್ಲ.

ಸಮಯದ ಲೆಕ್ಕ ಫ್ಯಾರಡೆ ನಿಯಮದಿಂದ. ನಿಕಲ್‌ನ ಪರಮಾಣು ತೂಕ 58.69, ಪ್ರತಿ ಅಯಾನಿಗೆ ಎರಡು ಎಲೆಕ್ಟ್ರಾನ್, ಫ್ಯಾರಡೆ ಸ್ಥಿರಾಂಕ 96,485 ಕೂಲಂಬ್. ಭಾಗಿಸಿದರೆ ಒಂದು ಕೂಲಂಬ್‌ಗೆ 0.304 ಮಿಲಿಗ್ರಾಂ ನಿಕಲ್. ಪ್ರವಾಹದ ಶೇ. 95 ಭಾಗ ನಿಕಲ್‌ಗೆ, ಉಳಿದದ್ದು ಜಲಜನಕಕ್ಕೆ ಹೋಗುತ್ತದೆ ಎಂದು ಹಿಡಿದರೆ, ಸಾಂದ್ರತೆ 8.9ರ ನಿಕಲ್ ಒಂದು ಮೈಕ್ರೋಮೀಟರ್ ದಪ್ಪವಾಗಲು ಸುಮಾರು 154 ಸೆಕೆಂಡು ಬೇಕು. 3 ಮೈಕ್ರೋಮೀಟರ್‌ಗೆ 7 ನಿಮಿಷ 40 ಸೆಕೆಂಡು. 0.1 ಮೈಕ್ರೋಮೀಟರ್‌ಗೆ ಕೇವಲ 15 ಸೆಕೆಂಡು. ಇಷ್ಟು ತೆಳು ಪದರಕ್ಕೆ ಸ್ವಿಚ್ ಒತ್ತುವ ಕೈಯ ತಡವೂ ಲೆಕ್ಕಕ್ಕೆ ಬರುತ್ತದೆ. ಲೇಪನದ ನಂತರ ತೂಗಿ ಬಂದ ದಪ್ಪವನ್ನು ಈ ಲೆಕ್ಕದೊಂದಿಗೆ ಹೋಲಿಸಿದರೆ ನಿಮ್ಮ ದ್ರಾವಣದ ನಿಜವಾದ ದಕ್ಷತೆ ತಿಳಿಯುತ್ತದೆ.

ತುಂಡು ದ್ರಾವಣಕ್ಕೆ ಇಳಿಯುವಾಗಲೇ ಪ್ರವಾಹ ಹರಿಯುವಂತೆ ತಂತಿ ಜೋಡಿಸಿರಿ. ಮುಗಿದ ಕೂಡಲೇ ಎತ್ತಿ ತೊಳೆದು, ನೈಟ್ರೋಜನ್ ಅನಿಲದಲ್ಲಿ ಊದಿ ಒಣಗಿಸಿ, ಡೆಸಿಕೇಟರ್‌ನಲ್ಲಿಡಿ. ದಪ್ಪವನ್ನು ಒಂದೇ ಆರಿಸಬೇಡಿ: 0.1, 0.5, 1, 3 ಮೈಕ್ರೋಮೀಟರ್‌ಗಳ ಸರಣಿ ಮಾಡಿದರೆ ಅಡಿಯ ಲೋಹದ ಪ್ರಭಾವ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಾರೆ ಕಾಣಬಹುದು. ಅಂಚುಗಳಲ್ಲಿ ಪ್ರವಾಹ ಹೆಚ್ಚು ಸೇರಿ ಪದರ ದಪ್ಪವಾಗಿರುತ್ತದೆ, ಹಾಗಾಗಿ ಎಲ್ಲ ಅಳತೆಗಳೂ ನಡುಭಾಗದಲ್ಲಿ.

ಯಾವ ಪರೀಕ್ಷೆ ಮೊದಲು

ಮೇಲ್ಮೈಯನ್ನು ಕೆಡಿಸದ ಪರೀಕ್ಷೆ ಮೊದಲು, ಕೆಡಿಸುವುದು ಕೊನೆಗೆ. ಎಕ್ಸ್‌ಪಿಎಸ್ (ಎಕ್ಸ್-ರೇ ಬಿದ್ದಾಗ ಹೊರಬರುವ ಎಲೆಕ್ಟ್ರಾನ್‌ಗಳಿಂದ ಮೇಲ್ಮೈಯ ಧಾತುಗಳನ್ನು ಗುರುತಿಸುವ ವಿಧಾನ) ಮಾಡಿಸುವುದಿದ್ದರೆ ಅದೇ ಎಲ್ಲಕ್ಕಿಂತ ಮೊದಲು. ನಂತರ ಎಎಫ್ಎಂ (ಪರಮಾಣು ಬಲ ಸೂಕ್ಷ್ಮದರ್ಶಕ), ಎಕ್ಸ್‌ಆರ್‌ಡಿ (ಎಕ್ಸ್-ರೇ ವಿವರ್ತನೆ), ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಎಲೆಕ್ಟ್ರಾನ್ ಕಿರಣ ಬಿದ್ದ ಜಾಗದಲ್ಲಿ ಇಂಗಾಲದ ಕಲೆ ಕೂರುವುದರಿಂದ ಅದನ್ನು ಹಿಂದಕ್ಕೆ ಹಾಕಬೇಕು. ಬಗ್ಗಿಸುವ, ಕತ್ತರಿಸುವ ಕೆಲಸ ಕಟ್ಟಕಡೆಗೆ. ಕಾಲೇಜಿನಲ್ಲಿ ಉಪಕರಣ ಇಲ್ಲದವರು ಐ-ಸ್ಟೆಮ್ ಜಾಲತಾಣವನ್ನು ನೋಡಬಹುದು. ದೇಶದ ಸಂಶೋಧನಾ ಸಂಸ್ಥೆಗಳ ಉಪಕರಣಗಳನ್ನು ಹೊರಗಿನವರು ಕಾಯ್ದಿರಿಸಲೆಂದು 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಸಮಾವೇಶದಲ್ಲಿ ಅದು ಆರಂಭವಾಯಿತು. ಕಾಯ್ದಿರಿಸುವಾಗ ಜೋಡಿ ತುಂಡಿಗೂ ಸೇರಿಸಿ ಸಮಯ ಕೇಳಿ.

ಒರಟುತನ

ಒರಟು ಗೋಡೆಗೆ ತೆಳುವಾಗಿ ಸುಣ್ಣ ಬಳಿದರೆ ಗೋಡೆಯ ಉಬ್ಬುತಗ್ಗು ಹಾಗೆಯೇ ಕಾಣುವಂತೆ, ಒಂದು ಮೈಕ್ರೋಮೀಟರ್ ಪದರ ಅಡಿಯ ಗೀರುಗಳನ್ನು ಮುಚ್ಚುವುದಿಲ್ಲ. ಸೂಜಿಮೊನೆಯಿಂದ ಮೇಲ್ಮೈ ತಡವಿ ಉಬ್ಬುತಗ್ಗು ಅಳೆಯುವ ಪರಮಾಣು ಬಲ ಸೂಕ್ಷ್ಮದರ್ಶಕ, ಅಂದರೆ ಎಎಫ್ಎಂ, ಪದರದ ಸರಾಸರಿ ಒರಟುತನ 35 ನ್ಯಾನೋಮೀಟರ್ ಎಂದು ತೋರಿಸಿತು ಎನ್ನಿ. ಅದರಿಂದ ಏನೂ ತಿಳಿಯುವುದಿಲ್ಲ. ಜೋಡಿ ತುಂಡು 40 ತೋರಿಸಿದರೆ ಪದರ ಸ್ವಲ್ಪ ಸಮ ಮಾಡಿತು ಎನ್ನಬಹುದು. 8 ತೋರಿಸಿದರೆ ಪದರವೇ ಒರಟಾಗಿ ಬೆಳೆದಿದೆ. ಒಂದೇ ಸಂಖ್ಯೆಗೆ ಎರಡು ವಿರುದ್ಧ ಅರ್ಥ.

ಒರಟುತನದ ಸಂಖ್ಯೆ ನೋಡಿದ ಜಾಗದ ಅಳತೆಯನ್ನು ಅವಲಂಬಿಸಿರುತ್ತದೆ. 1 ಮೈಕ್ರೋಮೀಟರ್ ಚೌಕದಲ್ಲಿ ಬಂದದ್ದನ್ನು 10 ಮೈಕ್ರೋಮೀಟರ್ ಚೌಕದಲ್ಲಿ ಬಂದದ್ದರೊಂದಿಗೆ ಹೋಲಿಸಬಾರದು. 10 ಮೈಕ್ರೋಮೀಟರ್ ಚೌಕವನ್ನು 512 ಬಿಂದುಗಳಲ್ಲಿ ಓದಿದರೆ ಬಿಂದುಗಳ ನಡುವಿನ ದೂರವೇ 20 ನ್ಯಾನೋಮೀಟರ್. ಅದಕ್ಕಿಂತ ಸಣ್ಣ ಕಣಗಳ ಮಾತನ್ನು ಆ ಚಿತ್ರದಿಂದ ಆಡಬೇಡಿ. ಎಲ್ಲ ಕಣಗಳೂ ಒಂದೇ ಆಕಾರದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಕಂಡರೆ ಅದು ಮುರಿದ ಸೂಜಿಯ ಪಡಿಯಚ್ಚು. ತುಂಡನ್ನು 90 ಡಿಗ್ರಿ ತಿರುಗಿಸಿ ಮತ್ತೆ ನೋಡಿ. ಆಕಾರ ತಿರುಗದಿದ್ದರೆ ಸೂಜಿ ಬದಲಿಸಲು ಹೇಳಿ. ಒಂದು ತುಂಡಿನಲ್ಲಿ ಕನಿಷ್ಠ ನಾಲ್ಕೈದು ಜಾಗ ನೋಡಿ, ಚಂದದ ಒಂದನ್ನು ಆರಿಸಬೇಡಿ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮತ್ತು ಧಾತು ವಿಶ್ಲೇಷಣೆ

ಚಿತ್ರ ತೆಗೆಯುವುದರಲ್ಲಿ ಹೇಳುವುದು ಹೆಚ್ಚಿಲ್ಲ: ಎಲ್ಲ ತುಂಡುಗಳಿಗೂ ಒಂದೇ ವರ್ಧನೆ, ಒಂದೇ ವೋಲ್ಟೇಜ್, ಚಿತ್ರದಲ್ಲಿ ಅಳತೆಪಟ್ಟಿ. ಹೆಚ್ಚಿನವರು ಎಡವುವುದು ಅದರ ಜೊತೆಗೆ ಬರುವ ಇಡಿಎಸ್ (ಎಲೆಕ್ಟ್ರಾನ್ ಬಿದ್ದಾಗ ಹೊಮ್ಮುವ ಎಕ್ಸ್-ರೇಯಿಂದ ಧಾತು ಗುರುತಿಸುವ ವಿಧಾನ) ಫಲಿತಾಂಶದಲ್ಲಿ. 20 ಕಿಲೋವೋಲ್ಟ್‌ನಲ್ಲಿ ಎಲೆಕ್ಟ್ರಾನ್‌ಗಳು ನಿಕಲ್‌ನೊಳಗೆ ಸುಮಾರು 1.4 ಮೈಕ್ರೋಮೀಟರ್ ಆಳಕ್ಕೆ ಇಳಿಯುತ್ತವೆ. ನಿಮ್ಮ ಪದರ ಒಂದು ಮೈಕ್ರೋಮೀಟರ್. ಆಗ ವರದಿಯಲ್ಲಿ ತಾಮ್ರವೂ ಸತುವೂ ಕಾಣಿಸಿಕೊಳ್ಳುತ್ತವೆ, ‘ನಿಕಲ್-ತಾಮ್ರ-ಸತು ಮಿಶ್ರಲೋಹದ ಪದರ ದೊರೆಯಿತು’ ಎಂಬ ವಾಕ್ಯ ಪ್ರಬಂಧಕ್ಕೆ ಸೇರುತ್ತದೆ. ಕಂಡದ್ದು ಅಡಿಯ ಹಿತ್ತಾಳೆ, ಅಷ್ಟೆ.

10 ಕಿಲೋವೋಲ್ಟ್‌ಗೆ ಇಳಿಸಿದರೆ ಆಳ 0.45 ಮೈಕ್ರೋಮೀಟರ್ ಸುತ್ತಮುತ್ತ ಬರುತ್ತದೆ, ಪದರದೊಳಗೇ ಉಳಿಯುತ್ತದೆ. ಆದರೆ ಅಲ್ಲಿ ಇನ್ನೊಂದು ಬಲೆ ಇದೆ. ಅಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಈ ಲೋಹಗಳ ಹೆಚ್ಚು ಶಕ್ತಿಯ ಎಕ್ಸ್-ರೇಗಳು, ಅಂದರೆ ಕೆ ರೇಖೆಗಳು, ದುರ್ಬಲ. ಓದಬೇಕಾದದ್ದು ಕಡಿಮೆ ಶಕ್ತಿಯ ಎಲ್ ರೇಖೆಗಳನ್ನು. ನಿಕಲ್‌ನದು 0.85, ತಾಮ್ರದ್ದು 0.93, ಸತುವಿನದು 1.01 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಉಪಕರಣದ ಪ್ರತ್ಯೇಕಿಸುವ ಶಕ್ತಿಗೆ ಹೋಲಿಸಿದರೆ ಇವು ಒಂದರ ಮೇಲೊಂದು ಬಿದ್ದಂತೆ ಇರುತ್ತವೆ. ತಂತ್ರಾಂಶ ಕೊಡುವ ಶೇಕಡಾವಾರನ್ನು ದಶಮಾಂಶ ಸಹಿತ ನಕಲು ಮಾಡುವ ಬದಲು ಒಂದೇ ಜಾಗವನ್ನು 10, 15, 20 ಕಿಲೋವೋಲ್ಟ್‌ಗಳಲ್ಲಿ ನೋಡಿ. ವೋಲ್ಟೇಜ್ ಏರಿದಂತೆ ತಾಮ್ರ, ಸತು ಏರುತ್ತ ಹೋದರೆ ಅವು ಕೆಳಗಿವೆ.

ಹಿಂಚದುರಿಕೆ ಚಿತ್ರದಿಂದ ಪದರ ಎಲ್ಲಿದೆ, ಹಿತ್ತಾಳೆ ಎಲ್ಲಿದೆ ಎಂದು ಗುರುತಿಸಲು ಹೋಗಬೇಡಿ. ಆ ಚಿತ್ರದ ಬೆಳಕುನೆರಳು ಪರಮಾಣು ಸಂಖ್ಯೆಯಿಂದ ಬರುವುದು. ನಿಕಲ್ 28, ತಾಮ್ರ 29, ಸತು 30. ಮೂರೂ ಒಂದೇ ಬೂದುಬಣ್ಣ. ದಪ್ಪವನ್ನು ನೇರವಾಗಿ ನೋಡಬೇಕಿದ್ದರೆ ತುಂಡಿನ ಮೇಲೆ ಇನ್ನಷ್ಟು ದಪ್ಪವಾಗಿ ತಾಮ್ರ ಲೇಪಿಸಿ, ರಾಳದಲ್ಲಿ ಕೂರಿಸಿ, ಅಡ್ಡ ಕತ್ತರಿಸಿ, ಹೊಳಪು ಕೊಟ್ಟು ಧಾತುವಾರು ರೇಖಾಚಿತ್ರ ತೆಗೆಸಿ. ಮೇಲಿನ ತಾಮ್ರ ನಿಕಲ್‌ನ ಅಂಚು ಉಜ್ಜುವಾಗ ದುಂಡಗಾಗದಂತೆ ಕಾಯುತ್ತದೆ.

ಎಕ್ಸ್-ರೇ ವಿವರ್ತನೆ

ತಾಮ್ರದ ಗುರಿಯಿಂದ ಹೊಮ್ಮುವ ಎಕ್ಸ್-ರೇ ಬಳಸಿದರೆ ನಿಕಲ್‌ನ ಮೂರು ಮುಖ್ಯ ಶೃಂಗಗಳು 44.5, 51.8, 76.4 ಡಿಗ್ರಿಗಳಲ್ಲಿ ಬರುತ್ತವೆ. ಹರಳಿನೊಳಗಿನ (111), (200), (220) ಎಂಬ ಪರಮಾಣು ತಲಗಳಿಂದ. 70-30 ಹಿತ್ತಾಳೆಯವು 42.5, 49.5, 72.6ರ ಹತ್ತಿರ. ಬೇರೆ ಬೇರೆಯಾಗಿ ನಿಲ್ಲುವುದರಿಂದ ಓದುವುದು ಸುಲಭ, ಈ ಉದಾಹರಣೆಯನ್ನು ಆರಿಸಲು ಇದೂ ಒಂದು ಕಾರಣ. ಮಾಮೂಲಿ ವಿಧಾನದಲ್ಲಿ ಎಕ್ಸ್-ರೇ ಕೆಲವು ಮೈಕ್ರೋಮೀಟರ್ ಆಳದಿಂದ ಮಾಹಿತಿ ತರುತ್ತದೆ, ಹಾಗಾಗಿ ಒಂದು ಮೈಕ್ರೋಮೀಟರ್ ಪದರದಲ್ಲಿ ಹಿತ್ತಾಳೆಯ ಶೃಂಗಗಳೇ ಎತ್ತರವಾಗಿ ಕಾಣುತ್ತವೆ. ಸೌಲಭ್ಯವಿದ್ದರೆ ಕಿರಣವನ್ನು ಒಂದೆರಡು ಡಿಗ್ರಿ ಕೋನದಲ್ಲಿ ಸವರಿಕೊಂಡು ಹೋಗುವಂತೆ ಬಿಡಲು ಕೇಳಿ. ಆದರೆ ಹರಳುಗಳು ಯಾವ ದಿಕ್ಕಿಗೆ ಒಲಿದಿವೆ ಎಂಬ ಲೆಕ್ಕವನ್ನು ಆ ವಿಧಾನದ ಚಿತ್ರದಿಂದ ಮಾಡಬೇಡಿ, ಅದಕ್ಕೆ ಮಾಮೂಲಿ ವಿಧಾನವೇ ಬೇಕು.

ದಿಕ್ಕಿಲ್ಲದ ನಿಕಲ್ ಪುಡಿಯಲ್ಲಿ ಆ ಮೂರು ಶೃಂಗಗಳ ಎತ್ತರದ ಅನುಪಾತ 100, 42, 21. ನಿಮ್ಮ ಪದರದಲ್ಲಿ (200) ಶೃಂಗ (111)ಕ್ಕಿಂತ ಎತ್ತರವಾಗಿದ್ದರೆ ಹರಳುಗಳು ಒಂದು ದಿಕ್ಕಿಗೆ ಒಲಿದಿವೆ. ಸೇರ್ಪಡೆ ಇಲ್ಲದ ವಾಟ್ಸ್ ದ್ರಾವಣದಲ್ಲಿ ಇದು ಆಗಾಗ ಕಾಣುತ್ತದೆ. ಅದನ್ನು ದ್ರಾವಣದ ಗುಣ ಎಂದು ಬರೆಯುವ ಮೊದಲು ಜೋಡಿ ತುಂಡಿನ ಹಿತ್ತಾಳೆ ಶೃಂಗಗಳ ಅನುಪಾತ ನೋಡಿ. ಕಾರ್ಖಾನೆಯಲ್ಲಿ ಉರುಳೆಗಳ ನಡುವೆ ಹಾಯ್ದ ತಗಡಿಗೆ ತನ್ನದೇ ಒಲವು ಇರುತ್ತದೆ.

ಶೃಂಗದ ಅಗಲದಿಂದ ಹರಳಿನ ಗಾತ್ರ ತೆಗೆಯುವ ಶೆರರ್ ಸೂತ್ರವನ್ನು ಎಲ್ಲರೂ ಬಳಸುತ್ತಾರೆ. ಉಪಕರಣವೇ ತರುವ ಅಗಲವನ್ನು ಕಳೆಯದಿದ್ದರೆ ಅದು ಕೊಡುವ ಸಂಖ್ಯೆಗೆ ಬೆಲೆಯಿಲ್ಲ, ಮತ್ತು 100 ನ್ಯಾನೋಮೀಟರ್ ದಾಟಿದ ಹರಳುಗಳಿಗೆ ಸೂತ್ರ ಹೊಂದುವುದಿಲ್ಲ. ಪದರದ ಒಳಗಿನ ಎಳೆತವೂ ಶೃಂಗವನ್ನು ಅಗಲಿಸುತ್ತದೆ. ಇದರಿಂದ ಬಂದ ಗಾತ್ರ ಸೂಕ್ಷ್ಮದರ್ಶಕದಲ್ಲಿ ಕಾಣುವ ಗಂಟಿನ ಗಾತ್ರಕ್ಕೆ ಹೊಂದಲಿಲ್ಲ ಎಂದು ಗಾಬರಿಯಾಗಬೇಡಿ. ಒಂದು ಗಂಟಿನಲ್ಲಿ ಹಲವು ಹರಳುಗಳಿರುತ್ತವೆ.

ಹಿತ್ತಾಳೆ ಬಿಟ್ಟು 304 ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಆ ಉಕ್ಕನ್ನು ಜೋರಾಗಿ ಉಜ್ಜಿದರೆ ಮೇಲ್ಭಾಗದಲ್ಲಿ ಮಾರ್ಟೆನ್ಸೈಟ್ ಎಂಬ ಇನ್ನೊಂದು ರೂಪ ಹುಟ್ಟುತ್ತದೆ. ಅದರ ಪ್ರಮುಖ ಶೃಂಗ ಬರುವುದು 44.5 ಡಿಗ್ರಿಯ ಬಳಿಯೇ, ಅಂದರೆ ನಿಕಲ್ (111) ಇರುವ ಜಾಗದಲ್ಲಿ. ಪದರವೇ ಇಲ್ಲದ ಉಕ್ಕಿನ ಮೇಲೂ ‘ನಿಕಲ್’ ಕಾಣಿಸುತ್ತದೆ. ಜೋಡಿ ತುಂಡಿಲ್ಲದೆ ಇದನ್ನು ಹಿಡಿಯುವುದು ಕಷ್ಟ. ಸ್ಟೀಲ್ ಮೇಲಿನ ಕ್ರೋಮಿಯಂ ಆಕ್ಸೈಡ್‌ನಿಂದಾಗಿ ನಿಕಲ್ ಸುಲಭವಾಗಿ ಹಿಡಿಯುವುದೂ ಇಲ್ಲ. ಲೀಟರ್‌ಗೆ 240 ಗ್ರಾಂ ನಿಕಲ್ ಕ್ಲೋರೈಡ್ ಮತ್ತು ಸುಮಾರು 125 ಮಿಲಿಲೀಟರ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲವಿರುವ ವುಡ್ಸ್ ದ್ರಾವಣದಲ್ಲಿ ಮೊದಲು ತೆಳುಪದರ ಕೂರಿಸಬೇಕು. ಆಗ ನಿಮ್ಮ ಜೋಡಿ ತುಂಡೂ ಆ ಮೊದಲ ಪದರವನ್ನು ಹೊತ್ತಿರಬೇಕು.

ಎಕ್ಸ್‌ಪಿಎಸ್ ಮತ್ತು ಅಂಟು ಪರೀಕ್ಷೆ

ಎಕ್ಸ್‌ಪಿಎಸ್ ನೋಡುವುದು ಮೇಲಿನ 5ರಿಂದ 10 ನ್ಯಾನೋಮೀಟರ್ ಮಾತ್ರ. ನಿಕಲ್ ಲೋಹದ ಶೃಂಗ 852.6 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬರುತ್ತದೆ. ಅದಕ್ಕಿಂತ ಒಂದರಿಂದ ಮೂರು ಎಲೆಕ್ಟ್ರಾನ್‌ವೋಲ್ಟ್ ಮೇಲೆ ಕಾಣುವವು ಸಾಮಾನ್ಯವಾಗಿ ಗಾಳಿಗೆ ಒಡ್ಡಿದ್ದರಿಂದ ಆದ ಆಕ್ಸೈಡ್ ಮತ್ತು ಹೈಡ್ರಾಕ್ಸೈಡ್. ಇಂಗಾಲ ಕಾಣದ ಮೇಲ್ಮೈ ಇಲ್ಲ, ಅದನ್ನು ಸುದ್ದಿ ಮಾಡಬೇಕಿಲ್ಲ. ಆರ್ಗಾನ್ ಅಯಾನುಗಳಿಂದ ಕೆರೆದು ಒಳಗೆ ನೋಡಬಹುದು, ಆದರೆ ಕೆರೆತವೇ ಆಕ್ಸೈಡ್ ಅನ್ನು ಲೋಹವಾಗಿಸಬಲ್ಲದು. 1021.8ರಲ್ಲಿ ಸತು ಕಂಡರೆ ಪದರದಲ್ಲಿ ರಂಧ್ರವಿದೆಯೇ, ತೊಳೆದ ನೀರಿನಿಂದ ಬಂದಿತೇ ಎಂದು ಮೊದಲು ಪರಿಶೀಲಿಸಿ.

ಪದರ ಗಟ್ಟಿಯಾಗಿ ಹಿಡಿದಿದೆಯೇ ಎಂದು ನೋಡಲು ಪಾರದರ್ಶಕ ಟೇಪ್ ಅಂಟಿಸಿ ಕೀಳುವುದನ್ನು ಎಲ್ಲೆಡೆ ಕಾಣುತ್ತೇವೆ. ಅದು ಬಣ್ಣದ ಲೇಪಕ್ಕಾಗಿ ಬಂದ ಪರೀಕ್ಷೆ. ಲೋಹದ ಪದರ ಅದಕ್ಕೆಲ್ಲ ಜಗ್ಗುವುದಿಲ್ಲ. ತುಂಡನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯಿರಿ, ಮುರಿದ ಅಂಚಿನಲ್ಲಿ ಪದರ ಸಿಪ್ಪೆಯಾಗಿ ಏಳುತ್ತದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ. ಲೋಹದ ಲೇಪಗಳಿಗೆಂದೇ ಇರುವ, ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಬಿ571 ಮಾನದಂಡದಲ್ಲಿ ಇಂತಹ ಹಲವು ಪರೀಕ್ಷೆಗಳಿವೆ. ಎದ್ದ ಸಿಪ್ಪೆಯ ಹಿಂಬದಿಯನ್ನೂ ನೋಡಿ: ಅಲ್ಲಿ ಹಿತ್ತಾಳೆಯ ಚೂರು ಅಂಟಿದ್ದರೆ ಮುರಿದದ್ದು ಹಿತ್ತಾಳೆ, ಅಂಟು ಚೆನ್ನಾಗಿಯೇ ಇತ್ತು. ಶುಭ್ರವಾಗಿದ್ದರೆ ತೊಳೆಯುವ ಹಂತಕ್ಕೆ ಹಿಂತಿರುಗಿ.

ಉಳಿದ ದ್ರಾವಣ

ತೊಳೆದ ನೀರು, ಹಳೆಯ ದ್ರಾವಣ ಯಾವುದನ್ನೂ ಸಿಂಕ್‌ಗೆ ಸುರಿಯಬೇಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ನಿಕಲ್ ಲೀಟರ್‌ಗೆ 0.02 ಮಿಲಿಗ್ರಾಂ ಮಾತ್ರ. ನಿಮ್ಮ ದ್ರಾವಣದಲ್ಲಿ ಇರುವುದು ಲೀಟರ್‌ಗೆ ಹತ್ತಾರು ಗ್ರಾಂ. ಎಲ್ಲವನ್ನೂ ಒಂದು ಕ್ಯಾನ್‌ನಲ್ಲಿ ಕೂಡಿಡಿ. ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಸುಣ್ಣ ಹಾಕಿ ಪಿಎಚ್ 10ರ ಹತ್ತಿರ ತಂದರೆ ನಿಕಲ್ ಹಸಿರು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ. ಅಮೋನಿಯಾ ಅಥವಾ ಸಿಟ್ರೇಟ್ ಇರುವ ದ್ರಾವಣವನ್ನು ಇದರೊಂದಿಗೆ ಬೆರೆಸಬೇಡಿ, ಬೆರೆತರೆ ನಿಕಲ್ ಕರಗಿಯೇ ಉಳಿಯುತ್ತದೆ. ಒಂದು ರಾತ್ರಿ ಬಿಟ್ಟು ಮೇಲಿನ ತಿಳಿಯಲ್ಲಿ ನಿಕಲ್ ಉಳಿದಿಲ್ಲವೆಂದು ಡೈಮೀಥೈಲ್‌ಗ್ಲೈಆಕ್ಸೈಮ್ ಹನಿ ಹಾಕಿ ನೋಡಿ. ಗುಲಾಬಿ ಕೆಂಪು ಬಂದರೆ ಇನ್ನೂ ಇದೆ. ಸೋಸಿದ ಕೆಸರನ್ನು ಒಣಗಿಸಿ, ಚೀಲದ ಮೇಲೆ ಹೆಸರು ಮತ್ತು ದಿನಾಂಕ ಬರೆದು, ಸಂಸ್ಥೆಯ ಅಪಾಯಕಾರಿ ತ್ಯಾಜ್ಯ ನೋಡಿಕೊಳ್ಳುವವರಿಗೆ ಒಪ್ಪಿಸಿ ರಸೀದಿ ಪಡೆಯಿರಿ.